ರುವಾಂಡಾದ ಕಾಫಿ ಬೆಟ್ಟಗಳಲ್ಲಿ ಒಂದು ವಾರ

ರುವಾಂಡಾಕ್ಕೆ ಹೋಗೋಣ ಅಂತ ಹಟ ಹಿಡಿದವರು ನನ್ನ ಚಿಕ್ಕಪ್ಪ. ಸಕಲೇಶಪುರದ ಕಡೆ ನಮ್ಮ ಮನೆತನದ ಕಾಫಿ ತೋಟ ನೋಡಿಕೊಳ್ಳುವವರು ಅವರೇ. 1994ರಲ್ಲಿ ನರಮೇಧ ಕಂಡ ಒಂದು ಪುಟ್ಟ ದೇಶದ ಕಾಫಿಗೆ ಇವತ್ತು ದೊಡ್ಡ ದೊಡ್ಡ ಮಾರುಕಟ್ಟೆಗಳಲ್ಲಿ ಬೇಡಿಕೆ ಇದೆ. ಅದು ಹೇಗಾಯಿತು ಅಂತ ಕಣ್ಣಾರೆ ನೋಡಬೇಕು ಅನ್ನುವುದು ಅವರ ಆಸೆ. ನನ್ನ ತಲೆಯಲ್ಲಿದ್ದ ಪ್ರಶ್ನೆ ಬೇರೆ. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ದೇಶ ಮೊದಲು ಬೇರೆಯವರ ನೆರವಿನಲ್ಲೇ ಏಳಬೇಕು. ಅಲ್ಲಿಂದ ತನ್ನ ಕಾಲ ಮೇಲೆ ನಿಲ್ಲುವುದು ಹೇಗೆ?

ಮೇ ತಿಂಗಳ ಕೊನೆಯಲ್ಲಿ ಹೊರಟೆವು. ನಮ್ಮಲ್ಲಿ ಮುಂಗಾರಿಗೆ ಕಾಯುವ ಹೊತ್ತು. ಅಲ್ಲಿ ಕಾಫಿ ಹಣ್ಣು ಕೊಯ್ಯುವ ಕಾಲ.

ಶುಕ್ರವಾರ, ಕಿಗಾಲಿ

ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಕಿಗಾಲಿ. ಪ್ಲಾಸ್ಟಿಕ್ ಚೀಲ ತರುವಂತಿಲ್ಲ ಅಂತ ಮೊದಲೇ ಗೊತ್ತಿತ್ತು. 2008ರಿಂದಲೇ ಅಲ್ಲಿ ನಿಷೇಧ. ಹಾಗಾಗಿ ಚಿಕ್ಕಮ್ಮ ಕಟ್ಟಿಕೊಟ್ಟ ಚಕ್ಕುಲಿ, ಕೋಡುಬಳೆಯೆಲ್ಲ ಬಟ್ಟೆ ಚೀಲದಲ್ಲೇ ಬಂದವು.

ಇಡೀ ದೇಶದ ವಿಸ್ತೀರ್ಣ 26,338 ಚದರ ಕಿಲೋಮೀಟರ್. ಕರ್ನಾಟಕದ ಏಳನೇ ಒಂದು ಭಾಗದಷ್ಟು. ಅಷ್ಟರಲ್ಲಿ 1.3 ಕೋಟಿಗೂ ಹೆಚ್ಚು ಜನ. ಎಲ್ಲಿ ನೋಡಿದರೂ ಬೆಟ್ಟ. ಬೆಟ್ಟದ ನೆತ್ತಿಯವರೆಗೂ ಹೊಲ, ಬಾಳೆ, ಮನೆ. ಸಮುದ್ರ ಇಲ್ಲ. ಹಡಗಿನಲ್ಲಿ ಬಂದ ಸರಕು ತಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದಲೋ ಕೆನ್ಯಾದ ಮೊಂಬಾಸಾದಿಂದಲೋ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿಯಲ್ಲಿ ಬರಬೇಕು. ಇಂಥ ದೇಶಕ್ಕೆ ಸ್ವಾವಲಂಬನೆ ಅನ್ನುವುದು ಬರೀ ಭಾಷಣದ ವಿಷಯ ಅಲ್ಲ. ಬರುವ ಒಂದೊಂದು ಮೂಟೆಯ ಬೆಲೆಯಲ್ಲೂ ಲಾರಿ ಬಾಡಿಗೆ ಸೇರಿರುತ್ತದೆ.

ಸಂಜೆಗೆ ಮುಂಚೆ ಗಿಸೋಜಿ ಬೆಟ್ಟದ ಮೇಲಿರುವ ನರಮೇಧ ಸ್ಮಾರಕಕ್ಕೆ ಹೋದೆವು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಬೆಲ್ಜಿಯನ್ನರು ತಮ್ಮ ಆಳ್ವಿಕೆಯಲ್ಲಿ ಗುರುತಿನ ಚೀಟಿ ಕೊಟ್ಟು ಅದರಲ್ಲಿ ಹುಟು, ಟುಟ್ಸಿ, ಟ್ವಾ ಅಂತ ಜನಾಂಗದ ಹೆಸರು ಬರೆದರು. 1959ರಿಂದ ಟುಟ್ಸಿಗಳ ಮೇಲೆ ಹಲ್ಲೆಗಳು ಶುರುವಾದವು, ಲಕ್ಷಾಂತರ ಜನ ಅಕ್ಕಪಕ್ಕದ ದೇಶಗಳಿಗೆ ಓಡಿದರು. ಅವರ ಮಕ್ಕಳು ಕಟ್ಟಿದ ಸೇನೆ 1990ರ ಅಕ್ಟೋಬರ್‌ನಲ್ಲಿ ಉಗಾಂಡಾದಿಂದ ಒಳಗೆ ಬಂತು. ಯುದ್ಧ ನಡೆಯಿತು. 1993ರಲ್ಲಿ ಒಪ್ಪಂದವೂ ಆಯಿತು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಮಾರನೇ ದಿನದಿಂದ ಸುಮಾರು ನೂರು ದಿನ ಹುಟು ತೀವ್ರವಾದಿಗಳು ಟುಟ್ಸಿಗಳನ್ನು ಹುಡುಕಿ ಹುಡುಕಿ ಕೊಂದರು. ಕೊಲ್ಲಲು ಒಪ್ಪದ ಹುಟುಗಳನ್ನೂ ಬಿಡಲಿಲ್ಲ. ಸತ್ತವರು 8 ಲಕ್ಷ ಅನ್ನುವ ಲೆಕ್ಕ ಇದೆ. ಸರ್ಕಾರದ ಲೆಕ್ಕದಲ್ಲಿ 10 ಲಕ್ಷಕ್ಕೂ ಹೆಚ್ಚು.

ಹೊರಗೆ ಬಂದ ಮೇಲೆ ಚಿಕ್ಕಪ್ಪ ಕೇಳಿದರು: "ಅಲ್ಲ ಕಣೋ, ಪಕ್ಕದ ಮನೆಯವನೇ ಕತ್ತಿ ಹಿಡ್ಕೊಂಡು ಬಂದಿದ್ದಾನೆ. ಆಮೇಲೆ ಅದೇ ಊರಲ್ಲಿ, ಅದೇ ಬೇಲಿ ಪಕ್ಕ ಹೆಂಗೆ ಬಾಳ್ತಾರೆ? ತೋಟಕ್ಕೆ ಆಳು ಕರೆಯೋದು ಹೆಂಗೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ವಾರವಿಡೀ ನಮ್ಮ ಜೊತೆಗೇ ಬಂತು.

ಶನಿವಾರ, ಕಿಗಾಲಿ

ತಿಂಗಳ ಕೊನೆಯ ಶನಿವಾರ. ಬೆಳಗ್ಗೆ 8ರಿಂದ 11ರವರೆಗೆ ದೇಶದಲ್ಲಿ ಎಲ್ಲ ಬಂದ್. ಅಂಗಡಿ ಇಲ್ಲ, ಬಸ್ಸಿಲ್ಲ, ಸದಾ ಓಡಾಡುವ ಬೈಕ್ ಟ್ಯಾಕ್ಸಿಗಳೂ ಇಲ್ಲ. 18ರಿಂದ 65 ವರ್ಷದೊಳಗಿನ, ಕೆಲಸ ಮಾಡಬಲ್ಲ ಎಲ್ಲರೂ ತಮ್ಮ ಬೀದಿಯ ಕೆಲಸಕ್ಕೆ ಬರಬೇಕು. ಇದಕ್ಕೆ ಉಮುಗಾಂಡಾ ಅಂತಾರೆ. ನಮ್ಮ ಮಲೆನಾಡಿನ ಮುಯ್ಯಾಳು ನೆನಪಾಯಿತು. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಆದರೆ ಇಲ್ಲಿ ಗದ್ದೆ ಯಾರೊಬ್ಬರದೂ ಅಲ್ಲ, ಊರಿನದು.

ನಾವು ಉಳಿದಿದ್ದ ಮನೆಯವರ ಜೊತೆ ಹೋದೆವು. ವಿದೇಶಿಯರಿಗೆ ಕಡ್ಡಾಯ ಇಲ್ಲ, ಬಂದರೆ ಬೇಡ ಅನ್ನುವುದಿಲ್ಲ. ಇಳಿಜಾರಿನ ಮಣ್ಣಿನ ರಸ್ತೆ. ಮೇ ಮಳೆಗೆ ಪಕ್ಕದ ಚರಂಡಿ ಮುಚ್ಚಿಹೋಗಿತ್ತು. ಗುದ್ದಲಿ, ಹಾರೆ, ಬುಟ್ಟಿ ಹಿಡಿದು ನೂರಾರು ಜನ. ಟೈ ಬಿಚ್ಚಿಟ್ಟು ಬಂದ ಬ್ಯಾಂಕಿನವರು, ಗಾರೆ ಕೆಲಸದವರು, ಕಾಲೇಜು ಹುಡುಗಿಯರು. ಚಿಕ್ಕಪ್ಪನಿಗೆ ಗುದ್ದಲಿ ಸಿಕ್ಕಿದ್ದೇ ತಡ, ನೀರು ಯಾವ ಕಡೆ ಇಳಿಯಬೇಕು ಅಂತ ಕೈಸನ್ನೆಯಲ್ಲೇ ಹೇಳತೊಡಗಿದರು. ಅಲ್ಲಿನ ಒಬ್ಬ ಅಜ್ಜ ಅದನ್ನು ಒಪ್ಪಲಿಲ್ಲ. ಇಬ್ಬರೂ ಇಳಿಜಾರು ನೋಡಿ, ತಲೆಯಾಡಿಸಿ, ಕೊನೆಗೆ ಅಜ್ಜ ಹೇಳಿದ ಕಡೆಗೇ ಕಾಲುವೆ ತಿರುಗಿಸಿದರು.

ಕೆಲಸ ಮುಗಿದ ಮೇಲೆ ಸಭೆ. ಮರದ ನೆರಳಲ್ಲಿ ಎಲ್ಲರೂ ಕೂತು ಬೀದಿ ದೀಪ, ಕಳ್ಳತನ, ಆರೋಗ್ಯ ವಿಮೆಯ ಕಂತು ಎಲ್ಲ ಮಾತಾಡಿದರು. ನನಗೆ ಚರಂಡಿಗಿಂತ ಈ ಸಭೆಯೇ ಮುಖ್ಯ ಅನ್ನಿಸಿತು. ಅದುವರೆಗೆ ಒಂದೇ ಚರಂಡಿಯಲ್ಲಿ ನಿಂತು ಬೆವರು ಸುರಿಸಿದವರು ಆಮೇಲೆ ಮಾತಾಡುವುದು ಸುಲಭ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಾರಣ ಇಲ್ಲದೆ ತಪ್ಪಿಸಿದರೆ 5,000 ಫ್ರಾಂಕ್‌ವರೆಗೆ ದಂಡ ಇದೆ. ಯುದ್ಧಕ್ಕೆ ಮುಂಚಿನ ಸರ್ಕಾರವೂ ಇದೇ ಉಮುಗಾಂಡಾ ನಡೆಸುತ್ತಿತ್ತು. 1994ರಲ್ಲಿ ಜನರನ್ನು ಕೊಲೆಗೆ ಸೇರಿಸಲು ಇದೇ ವ್ಯವಸ್ಥೆ ಬಳಕೆಯಾಯಿತು. 1998ರಲ್ಲಿ ಹೊಸ ಸರ್ಕಾರ ಅದನ್ನು ಮತ್ತೆ ಶುರು ಮಾಡಿದಾಗ ಎಷ್ಟು ಮನಸ್ಸುಗಳು ನಡುಗಿರಬೇಕು! ಎಲ್ಲರನ್ನೂ ಒಂದೇ ದಿನ ಬೀದಿಗೆ ಕರೆಸುವ ಶಕ್ತಿ ಯಾವ ಕಡೆಗೆ ಬೇಕಾದರೂ ತಿರುಗಬಹುದು. ಅದು ಗೊತ್ತಿದ್ದೂ ಚರಂಡಿಯ ಕಡೆಗೆ ತಿರುಗಿಸಿದ್ದು ದೊಡ್ಡ ಕೆಲಸ ಅಂತ ನಾನು ನಂಬುತ್ತೇನೆ.

ಭಾನುವಾರ, ಬುಗೆಸೆರಾ

ಕಿಗಾಲಿಯಿಂದ ದಕ್ಷಿಣಕ್ಕೆ ಬುಗೆಸೆರಾ. ಈ ಕಡೆ ಬೆಟ್ಟ ತಗ್ಗು, ಮಳೆ ಕಡಿಮೆ. ನ್ಯಾಮಾಟದ ಚರ್ಚ್ ಈಗ ಸ್ಮಾರಕ. ಜೀವ ಉಳಿಸಿಕೊಳ್ಳಲು ಅಲ್ಲಿಗೆ ಓಡಿಬಂದ ಸಾವಿರಾರು ಜನರನ್ನು ಚರ್ಚಿನೊಳಗೇ ಕೊಂದರು. ಅವರ ಬಟ್ಟೆಗಳನ್ನು ಬೆಂಚುಗಳ ಮೇಲೆ ಹಾಗೇ ಇಟ್ಟಿದ್ದಾರೆ. 2023ರಲ್ಲಿ ಯುನೆಸ್ಕೋ ಈ ಜಾಗವನ್ನೂ ಗಿಸೋಜಿಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ನೋಡಿದ್ದನ್ನು ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಹೋಗುವವರು ಹೋಗಿ ನೋಡಲೇಬೇಕು.

ಅಲ್ಲಿಂದ ಬುರುಂಡಿ ಗಡಿಯ ಹತ್ತಿರದ ರ್ವೇರು. 2018ರ ಜುಲೈನಲ್ಲಿ ಭಾರತದ ಪ್ರಧಾನಿ ಇಲ್ಲಿಗೆ ಬಂದು 200 ಹಸುಗಳನ್ನು ಕೊಟ್ಟಿದ್ದರು. ಹಸು ಭಾರತದಿಂದ ಬಂದದ್ದಲ್ಲ, ಅಲ್ಲೇ ಕೊಂಡದ್ದು. 2006ರಲ್ಲಿ ಶುರುವಾದ ಗಿರಿಂಕಾ ಯೋಜನೆಗೆ ಸೇರಿದವು.

ಗಿರಿಂಕಾದ ನಿಯಮ ಸರಳ. ಬಡ ಮನೆಗೊಂದು ಹಸು. ಅದು ಹಾಕುವ ಮೊದಲ ಹೆಣ್ಣು ಕರುವನ್ನು ಊರಿನ ಇನ್ನೊಂದು ಬಡ ಮನೆಗೆ ಕೊಡಬೇಕು. ಆಮೇಲಿನವೆಲ್ಲ ನಿಮ್ಮದೇ. ಹೀಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಸು ಬಂದಿದೆ. ಹಾಲು ಮಕ್ಕಳಿಗೆ, ಗೊಬ್ಬರ ಹೊಲಕ್ಕೆ. ಅರ್ಧ ಹೆಕ್ಟೇರ್ ಕೂಡ ಇಲ್ಲದ ರೈತರೇ ಜಾಸ್ತಿ ಇರುವ ಕಡೆ ಗೊಬ್ಬರದ ಬೆಲೆ ಏನು ಅಂತ ಚಿಕ್ಕಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ.

ಒಂದು ಮನೆಯ ಹೆಂಗಸು ತನ್ನ ಕೊಟ್ಟಿಗೆ ತೋರಿಸಿದರು. ಕರು ಯಾರಿಗೆ ಕೊಟ್ಟಿರಿ ಅಂತ ನಮ್ಮ ಚಾಲಕನ ಮೂಲಕ ಕೇಳಿದೆ. ರಸ್ತೆಯಾಚೆಯ ಮನೆ ತೋರಿಸಿದರು. ಕರು ಕೊಟ್ಟವರಿಗೂ ಪಡೆದವರಿಗೂ ನಡುವೆ ಬೀಗತನದಂಥ ಒಂದು ಸಂಬಂಧ ಬೆಳೆಯುತ್ತದಂತೆ. ಹಬ್ಬಕ್ಕೆ ಕರೆಯುತ್ತಾರಂತೆ. ಹಸು ಕೊಟ್ಟವನಿಗೆ ಕೇಡು ಬಯಸಬಾರದು ಅನ್ನುವುದು ಆ ನಾಡಿನ ಹಳೆಯ ಮಾತು ಅಂತ ಚಾಲಕ ಹೇಳಿದರು. ಹೊರಗಿನಿಂದ ಬಂದ ದಾನ ಒಂದು ಮನೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಇದು ಊರಿನೊಳಗೇ ಸುತ್ತುತ್ತದೆ. ಪಡೆದವರೇ ಮುಂದಿನ ವರ್ಷ ಕೊಡುವವರಾಗುತ್ತಾರೆ.

ಸೋಮವಾರ, ಹುಯೆಗೆ ದಾರಿ

ಕಿಗಾಲಿಯಿಂದ ಹುಯೆಗೆ ಸುಮಾರು 130 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ತಿರುವುಗಳು ಮಾತ್ರ ಚಾರ್ಮಾಡಿಗೇನೂ ಕಮ್ಮಿ ಇಲ್ಲ. ಕಣಿವೆಗಳಲ್ಲಿ ಭತ್ತ, ಇಳಿಜಾರಿನಲ್ಲಿ ಬೀನ್ಸ್, ಗೆಣಸು, ಮರಗೆಣಸು, ಮನೆ ಹಿಂದೆ ಬಾಳೆ. ಬಾಳೆಯ ನಡುವೆ ಅಲ್ಲಲ್ಲಿ ಕಾಫಿ. ನ್ಯಾಂಜಾದ ರಾಜರ ಅರಮನೆಯಲ್ಲಿ ಉದ್ದ ಕೊಂಬಿನ ಇನ್ಯಾಂಬೊ ಹಸುಗಳನ್ನು ನೋಡಿ ಮುಂದೆ ಹೋದೆವು.

ಹುಯೆಗೆ ಮೊದಲಿದ್ದ ಹೆಸರು ಬುಟಾರೆ. 1963ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯ ಶುರುವಾದ ಊರು. 2013ರಿಂದ ಅದು ರುವಾಂಡಾ ವಿಶ್ವವಿದ್ಯಾಲಯದ ಭಾಗ. ರಾತ್ರಿ ಊಟದ ಹೊತ್ತಿಗೆ ಸಿಕ್ಕ ನಿವೃತ್ತ ಮೇಷ್ಟ್ರೊಬ್ಬರು ಗಚಾಚಾ ಬಗ್ಗೆ ಹೇಳಿದರು. ನರಮೇಧದ ನಂತರ ಜೈಲುಗಳಲ್ಲಿ ಲಕ್ಷಕ್ಕೂ ಹೆಚ್ಚು ಆರೋಪಿಗಳಿದ್ದರು. ಬದುಕುಳಿದ ನ್ಯಾಯಾಧೀಶರು, ವಕೀಲರು ಬೆರಳೆಣಿಕೆ. ಮಾಮೂಲಿ ಕೋರ್ಟಿನಲ್ಲಿ ವಿಚಾರಣೆ ಮುಗಿಯಲು ನೂರು ವರ್ಷವೂ ಸಾಲದು ಅನ್ನುವ ಸ್ಥಿತಿ. ಆಗ ಹಳ್ಳಿಯ ಹುಲ್ಲುಗಾವಲಿನಲ್ಲಿ ಹಿರಿಯರು ಕೂತು ಜಗಳ ಬಗೆಹರಿಸುತ್ತಿದ್ದ ಹಳೆಯ ಪದ್ಧತಿಯನ್ನೇ ಕೋರ್ಟ್ ಮಾಡಿದರು. ಸುಮಾರು 12,000 ಇಂಥ ಕೋರ್ಟುಗಳು 2012ರ ಜೂನ್‌ಗೆ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ 20 ಲಕ್ಷ ಪ್ರಕರಣ ಕೇಳಿದ್ದವು. ಆರೋಪಿಗೆ ವಕೀಲರಿಲ್ಲ, ಸುಳ್ಳು ಸಾಕ್ಷಿಗಳಿದ್ದವು, ಉಗಾಂಡಾದಿಂದ ಬಂದು ಗೆದ್ದ ಸೇನೆಯವರು ಮಾಡಿದ ಕೊಲೆಗಳ ವಿಚಾರಣೆ ಅಲ್ಲಿ ನಡೆಯಲೇ ಇಲ್ಲ ಅನ್ನುವ ಟೀಕೆಗಳು ಇವೆ. ಅವು ಸರಿಯಾದ ಟೀಕೆಗಳೇ. ಆದರೂ ಎಷ್ಟೋ ಜನರಿಗೆ ತಮ್ಮವರನ್ನು ಎಲ್ಲಿ ಹೂತಿದ್ದಾರೆ ಅಂತ ಗೊತ್ತಾಗಿದ್ದು ಅಲ್ಲೇ ಅಂತ ಮೇಷ್ಟ್ರು ಹೇಳಿದರು.

ಮಂಗಳವಾರ, ಮರಾಬಾ

ನಾವು ಬಂದಿದ್ದೇ ಈ ದಿನಕ್ಕಾಗಿ. ಹುಯೆಯಿಂದ ಸ್ವಲ್ಪ ದೂರದ ಮರಾಬಾ ಬೆಟ್ಟಗಳು. ಕಾಫಿ ಬೆಳೆಯುವ ಎತ್ತರ 1,700 ಮೀಟರ್‌ಗೂ ಮೇಲೆ. ಕೆಲವು ಕಡೆ ನಮ್ಮ ಮುಳ್ಳಯ್ಯನಗಿರಿಯ ತುದಿ ಇರುವಷ್ಟು ಎತ್ತರದಲ್ಲಿ ಕಾಫಿ ಗಿಡ! ಸಮಭಾಜಕ ವೃತ್ತದ ಹತ್ತಿರ ಇರುವುದರಿಂದ ಅಲ್ಲಿ ಅಷ್ಟು ಎತ್ತರದಲ್ಲೂ ಗಿಡ ಚಳಿಗೆ ಸಾಯುವುದಿಲ್ಲ. ತಂಪಿಗೆ ಹಣ್ಣು ನಿಧಾನವಾಗಿ ಮಾಗುತ್ತದೆ, ರುಚಿ ಕೂಡುತ್ತದೆ.

ನೆರಳು ಮರ ಇಲ್ಲವೇ ಇಲ್ಲ ಅನ್ನಬಹುದು. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಕೆಳಗೆ ಕಾಫಿ ನೋಡಿದ ನಮಗೆ ಬಿಸಿಲಿಗೆ ನಿಂತ ಗಿಡ ನೋಡಿ ಹೊಟ್ಟೆ ಉರಿಯಿತು. ಬುಡಕ್ಕೆ ಮಾತ್ರ ದಪ್ಪಗೆ ಹುಲ್ಲು ಮುಚ್ಚಿದ್ದಾರೆ. ತಳಿ ಹೆಚ್ಚಾಗಿ ಬೂರ್ಬನ್. ತೋಟ ಅಂತ ಕರೆಯುವಷ್ಟು ದೊಡ್ಡದು ಯಾರಿಗೂ ಇಲ್ಲ. ಮನೆಗೆ ಕೆಲವು ನೂರು ಗಿಡ. ದೇಶದಲ್ಲಿ ಹೀಗೆ ಕಾಫಿ ಬೆಳೆಯುವ ಕುಟುಂಬಗಳು ಸುಮಾರು 4 ಲಕ್ಷ.

ಈ ಕಾಫಿಯ ಹಿಂದಿನ ಕಥೆ ಸುಖದ್ದಲ್ಲ. 1904ರಲ್ಲಿ ಜರ್ಮನ್ ಮಿಷನರಿಗಳು ತಂದ ಗಿಡ. 1930ರ ದಶಕದಲ್ಲಿ ಬೆಲ್ಜಿಯನ್ ಆಡಳಿತ ಪ್ರತಿ ರೈತನೂ ಇಷ್ಟು ಗಿಡ ಹಾಕಲೇಬೇಕು ಅಂತ ಕಡ್ಡಾಯ ಮಾಡಿತು. ಸ್ವಾತಂತ್ರ್ಯ ಬಂದ ಮೇಲೂ ಬೆಲೆ ಹೇಳುವುದು ಸರ್ಕಾರವೇ. ಗಿಡ ಕಿತ್ತರೆ ದಂಡ. ದೇಶದ ರಫ್ತು ಆದಾಯದಲ್ಲಿ ಸಿಂಹಪಾಲು ಕಾಫಿಯದ್ದು. ಅದರ ಮೇಲೆ 1989ರ ಜುಲೈನಲ್ಲಿ, ರಫ್ತಿಗೆ ಮಿತಿ ಹಾಕಿ ಬೆಲೆ ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮುರಿದುಬಿತ್ತು. ಲೋಕದ ಬೆಲೆ ಅರ್ಧಕ್ಕೆ ಇಳಿಯಿತು.

"ಆ ವರ್ಷ ನನಗೂ ನೆನಪಿದೆ" ಅಂದರು ಚಿಕ್ಕಪ್ಪ. "ಆದ್ರೆ ನಮಗೆ ಕಾಫಿ ಬೋರ್ಡಿನ ಪೂಲ್ ಇತ್ತು, ಎಲ್ಲರ ಕಾಫೀನೂ ಬೋರ್ಡೇ ಒಟ್ಟಿಗೆ ಮಾರೋದು. ಕಂತಲ್ಲಾದ್ರೂ ದುಡ್ಡು ಬರ್ತಿತ್ತು. ದೇಶದ ಒಳಗೆ ಕುಡಿಯೋರೂ ಇದ್ರು."

ರುವಾಂಡಾಕ್ಕೆ ಆ ಆಸರೆ ಇರಲಿಲ್ಲ. ಬೆಲೆ ಬಿದ್ದ ಮರುವರ್ಷವೇ ಯುದ್ಧ ಶುರು. ಕಾಫಿಯೇ ನರಮೇಧಕ್ಕೆ ಕಾರಣ ಅಂತ ಯಾರೂ ಹೇಳಲಾರರು. ಕೊಂದದ್ದು ದ್ವೇಷ, ಅದನ್ನು ಸಂಘಟಿಸಿದವರು ಮನುಷ್ಯರು. ಆದರೆ ಖಾಲಿ ಜೇಬಿನ ಯುವಕರು ಊರ ತುಂಬ ಇದ್ದಾಗ ದ್ವೇಷದ ಕೆಲಸ ಸುಲಭವಾಗುತ್ತದೆ. ಒಂದೇ ಬೆಳೆ, ಅದರ ಬೆಲೆ ಬೇರೆಯವರ ಕೈಯಲ್ಲಿ. ದೇಶ ಎಷ್ಟು ಬಡವಾಗಿತ್ತು ಅನ್ನುವುದಕ್ಕಿಂತ ಎಷ್ಟು ಅಸಹಾಯಕವಾಗಿತ್ತು ಅನ್ನುವುದು ಇಲ್ಲಿ ಕಾಣುತ್ತದೆ.

ಆಗೆಲ್ಲ ರೈತರು ಹಣ್ಣನ್ನು ಮನೆಯಲ್ಲೇ ಸುಲಿಯುತ್ತಿದ್ದರು. ಕಲ್ಲಿನಲ್ಲಿ ಜಜ್ಜಿ, ಇಲ್ಲವೇ ಕೈಯಲ್ಲಿ ತಿರುಗಿಸುವ ಸಣ್ಣ ಯಂತ್ರದಲ್ಲಿ. ಮನೆಗೊಂದು ಥರ ಬೀಜ. ಎಲ್ಲ ಒಟ್ಟಾಗಿ ಸೇರಿ ಕಳಪೆ ಕಾಫಿ ಅಂತ ಹೋಗುತ್ತಿತ್ತು. ಬೀಜ ಒಳ್ಳೆಯದೇ, ಹಾಳಾಗುತ್ತಿದ್ದದ್ದು ಕೊಯ್ಲಿನ ನಂತರದ ಮೊದಲ ದಿನ.

1999ರಲ್ಲಿ ಮರಾಬಾದ ಸುಮಾರು 220 ರೈತರು ಸಹಕಾರ ಸಂಘ ಕಟ್ಟಿದರು. ಅವರಲ್ಲಿ ಎಷ್ಟೋ ಜನ ನರಮೇಧದಲ್ಲಿ ಗಂಡ, ಅಪ್ಪ ಅಮ್ಮಂದಿರನ್ನು ಕಳೆದುಕೊಂಡವರು. ಅದೇ ವರ್ಷ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಕೊಡುವ ಕಾಯ್ದೆ ಬಂತು. ಇದು ಸಣ್ಣ ವಿಷಯ ಅಲ್ಲ. ಜಮೀನು ಹೆಸರಿಗಿಲ್ಲದ ವಿಧವೆ ಸಂಘದಲ್ಲಿ ಸದಸ್ಯೆಯಾಗಿ ಏನು ಮಾಡಿಯಾಳು? ಹುಯೆಯ ವಿಶ್ವವಿದ್ಯಾಲಯ, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ, ಅಮೆರಿಕ ಸರ್ಕಾರದ ನೆರವು ಸೇರಿದ ಪರ್ಲ್ ಎಂಬ ಯೋಜನೆ ಅವರ ಕೈಹಿಡಿಯಿತು. 2001ರಲ್ಲಿ ಕಾಫಿ ತೊಳೆಯುವ ಕೇಂದ್ರ ಬಂತು. ಮರುವರ್ಷವೇ ಅಮೆರಿಕದ ಲೂಸಿಯಾನಾದ ಕಂಪನಿಯೊಂದು ಕಂಟೇನರ್ ಲೆಕ್ಕದಲ್ಲಿ ಕೊಂಡಿತು. 2003ರಲ್ಲಿ ಬ್ರಿಟನ್ನಿನ ಸೇನ್ಸ್‌ಬರೀಸ್ ಅಂಗಡಿಗಳಲ್ಲಿ ಮರಾಬಾ ಹೆಸರಿನಲ್ಲೇ ಕಾಫಿ ಬಂತು. 2008ರಲ್ಲಿ, ಒಳ್ಳೆಯ ಕಾಫಿಯನ್ನು ರುಚಿ ನೋಡಿ ಆರಿಸುವ ಕಪ್ ಆಫ್ ಎಕ್ಸಲೆನ್ಸ್ ಸ್ಪರ್ಧೆ ಮೊದಲ ಸಲ ಆಫ್ರಿಕಾದಲ್ಲಿ ನಡೆದದ್ದೂ ರುವಾಂಡಾದಲ್ಲೇ. ತೊಳೆಯುವ ಕೇಂದ್ರಗಳು ಈಗ ದೇಶದಲ್ಲಿ ಇನ್ನೂರಕ್ಕೂ ಹೆಚ್ಚು.

ನಾವು ಹೋದಾಗ ಬೆಳಗಿನ ಕೊಯ್ಲು ಬರುತ್ತಿತ್ತು. ತಲೆಯ ಮೇಲೆ ಬುಟ್ಟಿ, ಸೈಕಲ್ ಮೇಲೆ ಮೂಟೆ. ಗೇಟಿನ ಹತ್ತಿರ ಬೋರ್ಡಿನಲ್ಲಿ ಆ ಹಂಗಾಮಿನ ಹಣ್ಣಿನ ಬೆಲೆ ಬರೆದಿತ್ತು. ಕೃಷಿ ರಫ್ತು ಮಂಡಳಿ ಕನಿಷ್ಠ ಬೆಲೆ ಹೇಳುತ್ತದೆ. ಅದಕ್ಕಿಂತ ಕಡಿಮೆಗೆ ಕೊಳ್ಳುವಂತಿಲ್ಲ. ಮೊದಲು ಹಣ್ಣನ್ನು ನೀರಿಗೆ ಸುರಿದು ತೇಲು ಹಣ್ಣು ತೆಗೆಯುತ್ತಾರೆ. ಆಮೇಲೆ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ. ಲೋಳೆ ಬಿಡಲು ತೊಟ್ಟಿಯಲ್ಲಿ ನೆನೆಯಲು ಬಿಡುತ್ತಾರೆ. ಆಮೇಲೆ ಉದ್ದ ಕಾಲುವೆಯಲ್ಲಿ ಹರಿಸಿ ತೊಳೆಯುತ್ತಾರೆ. ಹತ್ತಾರು ಜನ ಸಾಲಾಗಿ ನಿಂತು, ಹಾಡುತ್ತಾ, ಮರದ ಹಲಗೆಗಳಿಂದ ಕಾಫಿಯನ್ನು ಹಿಂದೆ ಮುಂದೆ ತಳ್ಳುತ್ತಾರೆ. ಗಟ್ಟಿ ಬೀಜ ತಳಕ್ಕೆ, ಹಗುರ ಬೀಜ ಮುಂದಕ್ಕೆ. ಅಲ್ಲಿಗೆ ದರ್ಜೆ ಬೇರೆ ಬೇರೆ.

ಒಣಗಿಸುವುದು ನಮ್ಮ ಹಾಗೆ ಕಣದಲ್ಲಿ ಅಲ್ಲ. ಸೊಂಟದೆತ್ತರದ ಮಂಚಗಳ ಮೇಲೆ ಜಾಲರಿ ಹಾಸಿ ಹರಡುತ್ತಾರೆ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಒದ್ದೆ ಇರುವಾಗಲೇ ನೆರಳಿನಲ್ಲಿ ಹೆಂಗಸರು ಎರಡೂ ಕೈಯಲ್ಲಿ ಆರಿಸುತ್ತಾರೆ. ಹುಳು ಕಚ್ಚಿದ ಬೀಜ ಒದ್ದೆಯಲ್ಲೇ ಚೆನ್ನಾಗಿ ಕಾಣುತ್ತದೆ. ಅಲ್ಲಿನ ದೊಡ್ಡ ಶತ್ರು ಅಂಟೆಸ್ಟಿಯಾ ಎಂಬ ತಿಗಣೆ ಜಾತಿಯ ಹುಳು. ಅದು ಕಚ್ಚಿದ ಒಂದೇ ಒಂದು ಬೀಜ ಸೇರಿದರೂ ಇಡೀ ಲೋಟದ ಕಾಫಿ ಹಸಿ ಆಲೂಗಡ್ಡೆ ವಾಸನೆ ಹೊಡೆಯುತ್ತದೆ. ಚಿಕ್ಕಪ್ಪ ಹೆಂಗಸರ ಪಕ್ಕದಲ್ಲೇ ನಿಂತು ತಾವೂ ಆರಿಸತೊಡಗಿದರು. ಹತ್ತು ನಿಮಿಷದಲ್ಲಿ ಅವರ ರಾಶಿಯಿಂದ ಒಬ್ಬ ಹುಡುಗಿ ಮೂರು ಕೆಟ್ಟ ಬೀಜ ತೆಗೆದು ತೋರಿಸಿದಳು.

ಮಧ್ಯಾಹ್ನ ಸಂಘದ ಹಿರಿಯ ಸದಸ್ಯೆಯೊಬ್ಬರು ನಮ್ಮ ಜೊತೆ ಕೂತರು. ಚಿಕ್ಕಪ್ಪ ಶುಕ್ರವಾರದ ಪ್ರಶ್ನೆಯನ್ನು ಅವರ ಮುಂದೆಯೇ ಇಟ್ಟರು. ಚಾಲಕ ಅದನ್ನು ತುಂಬ ಮೆತ್ತಗೆ ಕೇಳಿದರು ಅಂತ ಕಾಣುತ್ತದೆ. ಆ ತಾಯಿ ಬೇಸರ ಮಾಡಿಕೊಳ್ಳಲಿಲ್ಲ. ಮೊದಮೊದಲು ಈ ಮಂಚದ ಸುತ್ತ ನಿಂತಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ ಅಂದರು. ಒಂದು ಕಡೆ ಗಂಡ ಸತ್ತವರು. ಇನ್ನೊಂದು ಕಡೆ ಕೊಂದ ಆರೋಪದಲ್ಲಿ ಗಂಡ ಜೈಲಿಗೆ ಹೋದವರು. ಇಬ್ಬರ ಮನೆಯಲ್ಲೂ ಗಂಡಸಿಲ್ಲ, ಇಬ್ಬರ ಮಕ್ಕಳಿಗೂ ಶಾಲೆ ಫೀಸು ಬೇಕು. ಮಾತು ಶುರುವಾಗಿದ್ದು ಬೀಜದ ಬಗ್ಗೆ. ನಿನ್ನ ಕಡೆ ಕೆಟ್ಟದ್ದು ಉಳಿದಿದೆ ನೋಡು, ಅಂತ. ಒಬ್ಬರು ಕೆಟ್ಟದ್ದು ಬಿಟ್ಟರೆ ಎಲ್ಲರ ಬೆಲೆ ಹೋಗುತ್ತದೆ. ಹಾಗಾಗಿ ಮಾತಾಡಲೇಬೇಕಿತ್ತು.

"ಕ್ಷಮಿಸಿದಿರಾ?" ಅಂತ ನಾನು ಕೇಳಿದೆ. ಅದು ದಿನಾ ಬೆಳಗ್ಗೆ ಎದ್ದು ಮಾಡಬೇಕಾದ ಕೆಲಸ ಅಂದರು. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಸಂಘದ ಹಾದಿ ಸಲೀಸಾಗಿಲ್ಲ. ಖಾಸಗಿ ಕೇಂದ್ರಗಳು ಪೈಪೋಟಿಗೆ ಬಂದವು, ಎಷ್ಟೋ ಸಹಕಾರ ಸಂಘಗಳು ಸಾಲದಲ್ಲಿ ಸಿಕ್ಕಿಕೊಂಡವು. 2016ರಲ್ಲಿ ಸರ್ಕಾರ, ರೈತರು ತಮ್ಮ ವಲಯದ ಕೇಂದ್ರಕ್ಕೇ ಹಣ್ಣು ಕೊಡಬೇಕು ಅಂತ ನಿಯಮ ಮಾಡಿತು. ಕೇಂದ್ರಗಳಿಗೆ ಹಣ್ಣು ಖಾತ್ರಿಯಾಯಿತು, ರೈತನ ಚೌಕಾಸಿ ಶಕ್ತಿ ಹೋಯಿತು. ಕೆಲವು ವರ್ಷಗಳ ನಂತರ ಆ ನಿಯಮ ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ದೇಶ ಸ್ವಾವಲಂಬಿ ಆಗಬೇಕು ಅಂತ ರೈತನನ್ನೇ ಕಟ್ಟಿಹಾಕಿದರೆ ಬೆಲ್ಜಿಯನ್ನರ ಕಾಲಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ?

ಬುಧವಾರ, ಕರೋಂಗಿ

ಮುಹಾಂಗಾವರೆಗೆ ಬಂದ ದಾರಿಯಲ್ಲೇ ವಾಪಸ್, ಅಲ್ಲಿಂದ ಪಶ್ಚಿಮಕ್ಕೆ. ಮುಹಾಂಗಾದಿಂದಲೇ 2016ರಿಂದ ಡ್ರೋನ್‌ಗಳಲ್ಲಿ ಬೆಟ್ಟದ ಆಸ್ಪತ್ರೆಗಳಿಗೆ ರಕ್ತ ಹೋಗುತ್ತದೆ. ಮಧ್ಯಾಹ್ನದ ಮೇಲೆ ಕಿವು ಸರೋವರ ಕಂಡಿತು.

ಕಿವು ತಳದ ನೀರಿನಲ್ಲಿ ಸುಮಾರು 60 ಘನ ಕಿಲೋಮೀಟರ್ ಮೀಥೇನ್ ಅನಿಲ ಕರಗಿದೆ. ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇಂಗಾಲದ ಡೈಆಕ್ಸೈಡ್. ಒಂದೇ ಸಲ ಮೇಲೆ ಬಂದರೆ ದಡದ ಲಕ್ಷಾಂತರ ಜನರಿಗೆ ಅಪಾಯ. ಕ್ಯಾಮರೂನಿನ ನ್ಯೋಸ್ ಕೆರೆಯಲ್ಲಿ 1986ರಲ್ಲಿ ಹಾಗಾಗಿ ಸುಮಾರು 1,700 ಜನ ಸತ್ತರು. ಇಲ್ಲಿ ಸರೋವರದ ಮೇಲೆ ತೇಲುವ ಘಟಕ ಇಟ್ಟು, 350 ಮೀಟರ್ ಆಳದಿಂದ ನೀರು ತೆಗೆದು, ಅನಿಲ ಬೇರ್ಪಡಿಸಿ, ದಡದಲ್ಲಿ ಕರೆಂಟ್ ಮಾಡುತ್ತಾರೆ. ಕಿವುವಾಟ್ ಘಟಕದ ಶಕ್ತಿ 26 ಮೆಗಾವಾಟ್. ನಮ್ಮ ಲೆಕ್ಕದಲ್ಲಿ ಸಣ್ಣದು. ಡೀಸೆಲನ್ನು ಲಾರಿಯಲ್ಲಿ ತರಿಸಿ ಕರೆಂಟ್ ಮಾಡುತ್ತಿದ್ದ ದೇಶಕ್ಕೆ ಸಣ್ಣದಲ್ಲ. ನಡೆಸುವ ಕಂಪನಿ ಹೊರಗಿನದು, ಬಂಡವಾಳವೂ ಹೊರಗಿನದು. ಆದರೆ ಇಂಧನ ಮನೆಯದು.

ಸರೋವರದ ಆಚೆ ಕಾಂಗೊ. ಇದನ್ನು ಬಿಟ್ಟು ರುವಾಂಡಾದ ಬಗ್ಗೆ ಬರೆದರೆ ಅರ್ಧ ಸತ್ಯ ಹೇಳಿದಂತೆ. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಗೋಮಾ ನಗರ ಹಿಡಿದರು. ಅವರ ಹಿಂದೆ ರುವಾಂಡಾದ ಸೇನೆ ಇದೆ ಅಂತ ವಿಶ್ವಸಂಸ್ಥೆಯ ತಜ್ಞರು ವರದಿ ಮೇಲೆ ವರದಿ ಕೊಟ್ಟಿದ್ದಾರೆ. ರುವಾಂಡಾ ಒಪ್ಪುವುದಿಲ್ಲ. ನರಮೇಧ ಮಾಡಿ ಓಡಿದವರ ಪಡೆಗಳು ಗಡಿಯಾಚೆ ಇವೆ, ನಮ್ಮ ರಕ್ಷಣೆ ನಮಗೆ ಮುಖ್ಯ ಅನ್ನುತ್ತದೆ. ಆ ಭಯ ಸುಳ್ಳಲ್ಲ. ಆದರೆ ಮನೆ ಬಿಟ್ಟು ಓಡುತ್ತಿರುವ ಕಾಂಗೊ ತಾಯಂದಿರ ಸಂಕಟವೂ ಸುಳ್ಳಲ್ಲ. ತನ್ನ ಮನೆ ಕಟ್ಟಿಕೊಂಡ ದೇಶ ಪಕ್ಕದ ಮನೆಗೆ ಬೆಂಕಿ ಬೀಳದ ಹಾಗೆ ನೋಡಿಕೊಳ್ಳಬೇಕು. ಇದರಲ್ಲಿ ನನಗೆ ಅನುಮಾನ ಇಲ್ಲ.

ಗುರುವಾರ, ಮತ್ತೆ ಕಿಗಾಲಿ

ಕಿಮಿರೊಂಕೊ ಮಾರ್ಕೆಟ್ಟಿನಲ್ಲಿ ಹೊಲಿಗೆ ಯಂತ್ರಗಳ ಸದ್ದೋ ಸದ್ದು. ಬಣ್ಣ ಬಣ್ಣದ ಬಟ್ಟೆ ಆರಿಸಿ ಕೊಟ್ಟರೆ ಕೆಲವೇ ಗಂಟೆಯಲ್ಲಿ ಅಂಗಿ ರೆಡಿ. ಒಂದು ಕಾಲಕ್ಕೆ ಇಲ್ಲೆಲ್ಲ ಯುರೋಪ್, ಅಮೆರಿಕದವರು ಉಟ್ಟು ಬಿಟ್ಟ ಬಟ್ಟೆಗಳೇ ರಾಶಿ ರಾಶಿ ಬರುತ್ತಿದ್ದವು. 2016ರಲ್ಲಿ ರುವಾಂಡಾ ಅವುಗಳ ಮೇಲಿನ ಸುಂಕವನ್ನು ಕಿಲೋಗೆ 20 ಸೆಂಟ್‌ನಿಂದ ಎರಡೂವರೆ ಡಾಲರ್‌ಗೆ ಏರಿಸಿತು. ಅಮೆರಿಕ ಬೆದರಿಸಿತು. ಇದೇ ದಾರಿ ಹಿಡಿದಿದ್ದ ಕೆನ್ಯಾ ಹಿಂದೆ ಸರಿಯಿತು, ರುವಾಂಡಾ ಸರಿಯಲಿಲ್ಲ. 2018ರ ಜುಲೈನಲ್ಲಿ ಅಮೆರಿಕ ರುವಾಂಡಾದ ಸಿದ್ಧ ಉಡುಪಿಗಿದ್ದ ಸುಂಕ ವಿನಾಯಿತಿ ನಿಲ್ಲಿಸಿತು. ಹಳೆ ಬಟ್ಟೆ ಮಾರುತ್ತಿದ್ದ ಎಷ್ಟೋ ಬಡವರ ಹೊಟ್ಟೆಪಾಡು ಹೋಯಿತು. ಚೀನಾದ ಅಗ್ಗದ ಹೊಸ ಬಟ್ಟೆ ಆ ಜಾಗಕ್ಕೆ ನುಗ್ಗಿತು. ಆದರೂ ಈ ಹೊಲಿಗೆ ಅಂಗಡಿಗಳೂ ಬೆಳೆದವು. ನನ್ನ ಅಂಗಿ ಹೊಲಿದ ಹುಡುಗನ ಹತ್ತಿರ ಆಗಲೇ ಇಬ್ಬರು ಕಲಿಯುವವರಿದ್ದರು.

ಇಂಥದ್ದೇ ಇನ್ನೊಂದು ಘಟನೆ 2012ರದ್ದು. ಕಾಂಗೊ ವಿಷಯಕ್ಕೇ ನೆರವು ಕೊಡುವ ದೇಶಗಳು ಹಣ ತಡೆದವು. ಆ ವರ್ಷ ಆಗಸ್ಟ್‌ನಲ್ಲಿ ದೇಶದವರೇ ದುಡ್ಡು ಹಾಕಿ ಕಟ್ಟುವ ಅಗಾಚಿರೊ ನಿಧಿ ಶುರುವಾಯಿತು. ಆ ಯೋಚನೆ ಹಿಂದಿನ ವರ್ಷದ ರಾಷ್ಟ್ರೀಯ ಸಂವಾದದಲ್ಲೇ ಬಂದಿತ್ತು. ನೌಕರರು, ವ್ಯಾಪಾರಿಗಳು, ಹೊರದೇಶದಲ್ಲಿರುವವರು ದುಡ್ಡು ಹಾಕಿದರು. ಎಲ್ಲರೂ ಮನಸ್ಸಿನಿಂದಲೇ ಕೊಟ್ಟರೇ ಅನ್ನುವ ಪ್ರಶ್ನೆ ಏಳುವುದು ಸಹಜ. 2024ರಲ್ಲಿ ಅಧ್ಯಕ್ಷರು 99 ಪರ್ಸೆಂಟ್ ಮತ ಪಡೆದ ದೇಶದಲ್ಲಿ ಇಲ್ಲ ಅನ್ನುವುದು ಸುಲಭ ಇರಲಾರದು. ನಾವು ಮಾತಾಡಿಸಿದವರೆಲ್ಲ ಕಾಫಿ, ಹಸು, ರಸ್ತೆ ಬಗ್ಗೆ ಬಾಯ್ತುಂಬ ಮಾತಾಡಿದರು. ರಾಜಕೀಯ ಬಂದರೆ ಮಾತು ತಿರುಗಿಸುತ್ತಿದ್ದರು. ಇದು ನನ್ನನ್ನು ಕೊರೆಯುತ್ತಲೇ ಇದೆ. ಸರ್ಕಾರಕ್ಕೆ ಎದುರು ಹೇಳುವ ಧೈರ್ಯವೂ ದೇಶದ ಒಳಗೇ ಬೆಳೆಯಬೇಕಾದ ಬೆಳೆ ಅಲ್ವಾ?

ಆದರೆ ತೆರಿಗೆಯ ವಿಷಯದಲ್ಲಿ ಮೆಚ್ಚಲೇಬೇಕು. ಯುದ್ಧ ಮುಗಿದಾಗ ಖಜಾನೆ ಖಾಲಿ. ಬಜೆಟ್ಟಿನ ಬಹುಪಾಲು ವಿದೇಶಿ ನೆರವು. 1997ರಲ್ಲಿ ಕಂದಾಯ ಪ್ರಾಧಿಕಾರ ಕಟ್ಟಿದರು. ಇವತ್ತು ಬಜೆಟ್ಟಿನ ಅರ್ಧಕ್ಕೂ ಹೆಚ್ಚು ದುಡ್ಡು ದೇಶದ ಒಳಗಿನದೇ.

ಸಂಜೆ ವಿಮಾನಕ್ಕೆ ಮುಂಚೆ ಕಾಫಿ ಅಂಗಡಿಯೊಂದರಲ್ಲಿ ಕೂತೆವು. ರುವಾಂಡಾದವರು ಹಿಂದಿನಿಂದ ಕಾಫಿ ಕುಡಿಯುವವರಲ್ಲ, ಹಾಲು ಹಾಕಿದ ಚಹಾ ಕುಡಿಯುವವರು. ಬೆಳೆದವರೇ ತಮ್ಮ ಕಾಫಿಯ ರುಚಿ ನೋಡಿರಲಿಲ್ಲ. ಮರಾಬಾ ಕಾಲದಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ರೈತರಿಗೆ, ಹುಡುಗ ಹುಡುಗಿಯರಿಗೆ ಕಾಫಿಯ ರುಚಿ ನೋಡುವುದನ್ನು ಕಲಿಸಿದ್ದು. ತನ್ನ ಸರಕು ಎಷ್ಟು ಒಳ್ಳೆಯದು ಅಂತ ಗೊತ್ತಿಲ್ಲದವನು ಬೆಲೆ ಕೇಳುವುದು ಹೇಗೆ? ಈಗ ಕಿಗಾಲಿಯಲ್ಲಿ ಅಂಥ ಅಂಗಡಿಗಳು ಸಾಕಷ್ಟಿವೆ.

ಚಿಕ್ಕಪ್ಪ ಹಾಲಿಲ್ಲದ ಕಾಫಿಯನ್ನು ಅಷ್ಟೇನೂ ಇಷ್ಟಪಡುವವರಲ್ಲ. ಇಲ್ಲಿ ಎರಡನೇ ಲೋಟ ಕೇಳಿದರು. "ಹುಳಿ ಇದೆ, ಆದ್ರೆ ಒಳ್ಳೇ ಹುಳಿ. ಕಿತ್ತಳೆ ಥರ" ಅಂದರು. ಆಮೇಲೆ ಕಾಫಿ ಮಾಡಿದ ಹುಡುಗಿಯನ್ನು ಕೇಳಿದರು: "ಇದನ್ನ ಹುರಿದಿದ್ದು ಎಲ್ಲಮ್ಮ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲೇ ಹಿಂದುಗಡೆ, ಅಂದಳು. ಆದರೆ ದೇಶದ ಕಾಫಿಯಲ್ಲಿ ಬಹುಪಾಲು ಇವತ್ತಿಗೂ ಹಸಿರು ಬೀಜವಾಗಿಯೇ ಹಡಗು ಹತ್ತುತ್ತದೆ. ಹುರಿದು, ಪುಡಿ ಮಾಡಿ, ಹೆಸರು ಹಾಕಿ ಮಾರುವ ಲಾಭವೆಲ್ಲ ಹೊರಗಿನವರಿಗೆ.

"ನಮ್ಮದೂ ಅದೇ ಕಥೆ ಕಣೋ. ನಾನು ವರ್ಷ ವರ್ಷ ಒಣಗಿಸಿದ, ಹುರಿಯದ ಪಾರ್ಚ್‌ಮೆಂಟ್ ಮಾರಿ ಕೈ ತೊಳ್ಕೋತೀನಿ" ಅಂದ ಚಿಕ್ಕಪ್ಪ ಎದ್ದು ನಿಂತರು. ಹುರಿಯುವ ಯಂತ್ರ ನೋಡಬಹುದಾ ಅಂತ ಕೇಳಿಸಿದರು. ಹುಡುಗಿ ಬಾಗಿಲು ತೆಗೆದು ಒಳಗೆ ಕರೆದಳು. ಒಂದು ಸಲಕ್ಕೆ ಎಷ್ಟು ಕಿಲೋ ಹಿಡಿಯುತ್ತೆ, ಗ್ಯಾಸ್ ಎಷ್ಟು ಬೇಕು, ಯಂತ್ರಕ್ಕೆ ಎಷ್ಟು ಕೊಟ್ಟಿರಿ ಅಂತ ಅವರು ಒಂದೊಂದೇ ಕೇಳುತ್ತಾ ಹೋದರು. ಹುಡುಗಿ ಹೇಳಿದ್ದನ್ನೆಲ್ಲ ನಾನು ಬೋರ್ಡಿಂಗ್ ಪಾಸಿನ ಹಿಂದೆ ಬರೆದುಕೊಂಡೆ.